ಧಣಿಗೆ ಓದಿ ಹೇಳಿದ ಇಂಗ್ಲಿಷ್ ಜಮೀನುದಾರನ ಬದುಕು

ಒಂದು ಭಾನುವಾರ ಬೆಳಿಗ್ಗೆ ಧಣಿಯ ಜೀಪು ಲಕ್ಷ್ಮೇಶ್ವರದ ನಮ್ಮ ಓಣಿಗೆ ಬಂದು ನಿಂತಾಗ ನಾನು ಮೊದಲು ನೋಡಿದ್ದು ಜೀಪನ್ನಲ್ಲ, ಜೀಪನ್ನು ಯಾರು ಯಾರು ನೋಡುತ್ತಿದ್ದಾರೆ ಎಂಬುದನ್ನು. ನನ್ನ ಸ್ವಭಾವವೇ ಹಾಗೆ. ಕೇಳದೆ ಚಹಾ ಕೊಟ್ಟರೆ ಇವತ್ತೇನೋ ಬೇಕಾಗಿದೆ ಎಂದು ಮುಖ ನೋಡುವ ಗಂಡ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾಳೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಸಂಶಯ ಸ್ವಲ್ಪ ಇರಲೇಬೇಕು; ಇಲ್ಲದಿದ್ದರೆ ಇಡೀ ಕ್ಲಾಸಿನ ಹುಡುಗರು ಒಂದೇ ಪ್ರಬಂಧ ಬರೆದು ಕೊಟ್ಟು ಪಾಸಾಗುತ್ತಾರೆ. ಆದರೆ ಧಣಿಯ ಬಗ್ಗೆ ನನಗಿದ್ದ ಸಂಶಯ ಮಾಸ್ತರಿಕೆಯಿಂದ ಬಂದದ್ದಲ್ಲ. ಅದು ಮಾಸ್ತರಿಕೆಗಿಂತ ಹಳೆಯದು.

ಡ್ರೈವರ್ ಹೇಳಿದ್ದು ಇಷ್ಟೇ. ಧಣ್ಯಾರ ಹತ್ತಿರ ಒಂದು ಇಂಗ್ಲಿಷ್ ಪುಸ್ತಕ ಇದೆಯಂತೆ, ಅದನ್ನು ಓದಿ ಕನ್ನಡದಲ್ಲಿ ಹೇಳಬೇಕಂತೆ, ಮಾಸ್ತರರನ್ನು ಕರೆದುಕೊಂಡು ಬಾ ಎಂದಿದ್ದಾರಂತೆ. ಆಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಎಲ್ಲದಕ್ಕೂ ಧಾರವಾಡಕ್ಕೆ ಓಡುತ್ತಿದ್ದವರು ಗದಗಿಗೆ ಓಡಲು ಶುರು ಮಾಡಿದ್ದರು. ಬಾಡಿಗೆ ಕಟ್ಟಡಗಳಿಗೆ ಬಣ್ಣ ಹಚ್ಚಿ ಕಚೇರಿಯ ಬೋರ್ಡು ಹೊಡೆದಿದ್ದರು. ಹೊಸ ಜಿಲ್ಲೆ ಅಂದಮೇಲೆ ಹೊಸ ಕುರ್ಚಿಗಳೂ ಬರುತ್ತವೆ. ಧಣಿ ಹಿಂದೆ ಒಂದು ಸಲ ಗೆದ್ದು ವಿಧಾನಸಭೆಗೆ ಹೋಗಿ ಬಂದವರು, ಆಮೇಲೆ ಎರಡು ಸಲ ಸೋತವರು. ಈಗ ಮಗನನ್ನು ಜಿಲ್ಲಾ ಪಂಚಾಯಿತಿಗೆ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಸ್ ಸ್ಟ್ಯಾಂಡಿನಲ್ಲಿ ಓಡಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಇವರಿಗೆ ಇಂಗ್ಲಿಷ್ ಪುಸ್ತಕ ಯಾಕೆ? ಅದನ್ನು ಓದಲು ನಾನೇ ಯಾಕೆ? ಗದಗಿನ ಕಾಲೇಜುಗಳಲ್ಲಿ ನನ್ನಂಥ ಹತ್ತು ಜನರಿಗೆ ಪಾಠ ಹೇಳುವಂಥವರು ಇದ್ದರು.

ಜೀಪು ಶಿರಹಟ್ಟಿ ದಾಟಿ ಬೆಳ್ಳಟ್ಟಿಯ ದಾರಿ ಹಿಡಿದಾಗ ನನಗೆ ಮಾತಾಡಲು ಮನಸ್ಸಾಗಲಿಲ್ಲ. ಬೆಳ್ಳಟ್ಟಿಯಾಚೆಗಿನ ಧಣಿಯ ಊರು ನನ್ನದೂ ಹೌದು. ಅಲ್ಲಿ ನನ್ನ ಅಪ್ಪ ಧಣಿಯ ಎಂಟು ಎಕರೆ ಎರೆ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಅಜ್ಜನೂ ಅದನ್ನೇ ಮಾಡಿದ್ದ. ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜುವುದು ಕಸುಬು, ಆದರೆ ಹೊಟ್ಟೆ ತುಂಬುತ್ತಿದ್ದದ್ದು ಆ ಹೊಲದಿಂದ. ಉಳುವವನೇ ಹೊಲದ ಒಡೆಯ ಎಂಬ ಕಾಯ್ದೆ ಬಂದಾಗ ನನ್ನ ಅಣ್ಣ ಓಡಾಡಿ ಅಪ್ಪನ ಹೆಸರಿನಲ್ಲಿ ಅರ್ಜಿ ಬರೆಸಿದ. ಶಿರಹಟ್ಟಿಯಲ್ಲಿ ವಿಚಾರಣೆಯಾಯಿತು. ಅಪ್ಪನ ಜೊತೆ ಅಣ್ಣ ಒಬ್ಬನೇ ಹೋಗಿದ್ದ. ಈ ಹೊಲ ಯಾರು ಮಾಡುತ್ತಾರೆ ಎಂದು ಅಧಿಕಾರಿ ಕೇಳಿದರು. ನಾನು ಮಾಡುತ್ತೇನೆ ಎಂದಿದ್ದರೆ ಸಾಕಿತ್ತು, ಎಂಟು ಎಕರೆ ನಮ್ಮದಾಗುತ್ತಿತ್ತು. ಅಪ್ಪ ಹೇಳಿದ್ದು ಬೇರೆ: "ಧಣ್ಯಾರು ಮಾಡಸ್ತಾರ್ರಿ. ನಾವು ಅವರ ಮನಿ ಮಂದಿ." ಮನೆಯ ಆಳು ಎಂದು ಬರೆದುಕೊಂಡರು, ಹೊಲ ಹೋಯಿತು.

ಊರಿನ ನಡಾವಳಿ ನನಗೆ ಗೊತ್ತಿಲ್ಲದ್ದಲ್ಲ. ಧಣಿಯ ಎದುರು ಯಾರೂ ನನ್ನ ಹೊಲ, ನನ್ನ ಎತ್ತು ಎನ್ನುತ್ತಿರಲಿಲ್ಲ. ನಮ್ಮ ದುಡ್ಡಿನಿಂದ ತಂದ ಎತ್ತನ್ನೂ ಅಪ್ಪ ಅವರ ಮುಂದೆ 'ನಿಮ್ಮ ಎತ್ತ್ರಿ' ಎನ್ನುತ್ತಿದ್ದ. ನಾನು ಮ್ಯಾಟ್ರಿಕ್ ಪಾಸಾದಾಗ ಪೇಡೆ ಹಿಡಿದುಕೊಂಡು ಹೋಗಿ 'ನಿಮ್ಮ ಹುಡುಗ ಪಾಸಾದ್ರಿ' ಎಂದು ಹೇಳಿ ಬಂದಿದ್ದ. ಅದು ಮಾತಿನ ಮರ್ಯಾದೆ, ಅಷ್ಟೇ. ಆದರೆ ಎಂಟು ಎಕರೆ ಕೈಗೆ ಬರುವ ಹೊತ್ತಿನಲ್ಲಿ, ಸರಕಾರಿ ಕಚೇರಿಯಲ್ಲಿ, ಬುದ್ಧಿ ನೆಟ್ಟಗಿದ್ದವ ಯಾರಾದರೂ ಮರ್ಯಾದೆಗೆ ಹಾಗೆ ಹೇಳುತ್ತಾನೆಯೇ? ನಾನು ನಂಬಲಿಲ್ಲ. ಊರೂ ನಂಬಲಿಲ್ಲ. ಅದೇ ವರ್ಷ ಧಾರವಾಡದ ಹಾಸ್ಟೆಲಿನಲ್ಲಿ ನನಗೆ ಜಾಗ ಸಿಕ್ಕಿತ್ತು, ಧಣಿ ಬರೆದುಕೊಟ್ಟ ಪತ್ರದಿಂದ. ಕಿರಿಯ ಮಗನ ಓದಿಗಾಗಿ ಹಿರಿಯ ಮಗನ ಹೊಲ ಮಾರಿದ ಎಂದು ಜನ ಆಡಿಕೊಂಡರು. ಅಪ್ಪ ಸಾಯುವ ತನಕ ಆ ಮಾತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಣ್ಣ ಊರು ಬಿಟ್ಟು ಬೆಟಗೇರಿಗೆ ಹೋಗಿ ಗಾದಿ ಅಂಗಡಿ ಹಾಕಿದ. ಇಪ್ಪತ್ತು ವರ್ಷ ದಾಟಿದರೂ ನನ್ನ ಜೊತೆ ಸರಿಯಾಗಿ ನಾಲ್ಕು ಮಾತು ಆಡಿರಲಿಲ್ಲ. ಅವನು ನನ್ನನ್ನು ಸಂಶಯಪಡುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ನಾನು ತಿನ್ನುವ ಅನ್ನ ಅಣ್ಣನ ಹೊಲದ್ದೋ ಅಲ್ಲವೋ, ನನಗೆ ತಿಳಿಯಬೇಕಿದ್ದದ್ದು ಇದೊಂದೇ. ಅಪ್ಪನಿಗೂ ಧಣಿಗೂ ನಡುವೆ ಏನು ಮಾತಾಗಿತ್ತು ಎಂದು ತಿಳಿದವರು ಒಬ್ಬರೇ ಬದುಕಿ ಉಳಿದಿದ್ದರು, ಅವರೇ ಜೀಪು ಕಳಿಸಿದ್ದರು.

ವಾಡೆಯ ಪಡಸಾಲೆಯಲ್ಲಿ ಧಣಿ ದಿಂಬಿಗೆ ಒರಗಿ ಕೂತಿದ್ದರು. ಎಪ್ಪತ್ತೈದರ ಆಸುಪಾಸು, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. "ಬರ್ರಿ ಮಾಸ್ತರ, ಕುಂಡ್ರಿ," ಎಂದರು. ನಾನು ಚಡ್ಡಿ ಹಾಕಿಕೊಂಡಿದ್ದ ಕಾಲದಿಂದ ನನ್ನನ್ನು 'ಲೇ' ಎಂದು ಕರೆದ ಮನುಷ್ಯ. ಈಗ ಮಾಸ್ತರ ಅಂದದ್ದು, ಮೇಲೆ ರಿ ಹಚ್ಚಿದ್ದು, ಎರಡೂ ನನಗೆ ಸರಿ ಕಾಣಲಿಲ್ಲ.

ಪುಸ್ತಕ ದಪ್ಪಗಿತ್ತು, ಬೆನ್ನಿನ ಚರ್ಮ ಗೆದ್ದಲು ತಿಂದಿತ್ತು. ಬ್ರಿಟಿಷರ ಕಾಲದಲ್ಲಿ ಯಾವನೋ ಸಾಹೇಬ ಊರು ಬಿಡುವಾಗ ಅವರ ಅಜ್ಜನಿಗೆ ಕೊಟ್ಟು ಹೋದದ್ದಂತೆ. ಮೂರು ತಲೆಮಾರು ಮನೆಯಲ್ಲಿದ್ದರೂ ಯಾರೂ ಓದಿರಲಿಲ್ಲ. ತೆರೆದು ನೋಡಿದರೆ ಅದು ಇಂಗ್ಲೆಂಡಿನ ಒಬ್ಬ ಜಮೀನುದಾರನ ಜೀವನಚರಿತ್ರೆ. ದೊಡ್ಡ ಆಸ್ತಿಯವನು, ಅವರ ಪಾರ್ಲಿಮೆಂಟಿಗೆ ಹಲವು ಸಲ ಗೆದ್ದವನು. ಧಣಿ ತಮ್ಮ ವಿಚಾರ ಹೇಳಿದರು. ಮೊದಲು ನಾನು ಇದನ್ನು ಪೂರ್ತಿ ಓದಿ ಹೇಳಬೇಕು. ಆಮೇಲೆ ಇದೇ ನಮೂನೆಯಲ್ಲಿ ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕು. ಗದಗಿನಲ್ಲಿ ದೊಡ್ಡ ಸಮಾರಂಭ ಮಾಡಿ ಬಿಡುಗಡೆ ಮಾಡಿಸುತ್ತಾರೆ.

ಆಗ ನನಗೆ ಎಲ್ಲ ಹೊಳೆಯಿತು ಅನ್ನಿಸಿತು. ಪಾಲಿನವನ ಮಗನೇ ಧಣಿಯನ್ನು ಹೊಗಳಿ ಪುಸ್ತಕ ಬರೆದ ಎಂದಾದರೆ ಹಳೆಯ ಮಾತೆಲ್ಲ ತೊಳೆದು ಹೋಗುತ್ತದೆ, ಮಗನಿಗೆ ವೋಟೂ ಬೀಳುತ್ತವೆ. ಅದಕ್ಕೇ ಗದಗಿನ ಪ್ರೊಫೆಸರುಗಳು ಬೇಡ, ನಾನು ಬೇಕು. ಆಗಲ್ಲ ಎಂದು ಎದ್ದು ಬರಬೇಕಿತ್ತು. ಆದರೆ ನನಗೂ ಅವರ ಬಾಯಿಂದ ಒಂದು ಮಾತು ಬೇಕಾಗಿತ್ತು. ಒಪ್ಪಿಕೊಂಡೆ.

ಹೀಗೆ ಭಾನುವಾರಗಳು ಶುರುವಾದವು. ಆ ಇಂಗ್ಲಿಷ್ ಜಮೀನುದಾರನ ಬದುಕಿನಲ್ಲಿ ಮೊದಲ ನೂರು ಪುಟ ನಾಯಿಗಳು ಮತ್ತು ಕುದುರೆಗಳು. ನರಿ ಬೇಟೆಗೆಂದು ಸಾಕಿದ ನಾಯಿಗಳಿಗೆ ಒಂದೊಂದಕ್ಕೂ ಹೆಸರಿತ್ತು, ಪುಸ್ತಕದಲ್ಲಿ ಆ ಹೆಸರುಗಳೆಲ್ಲ ಇದ್ದವು. ಅವನ ಹೊಲದಲ್ಲಿ ದುಡಿಯುವವರಿಗೆ ಒಬ್ಬರಿಗೂ ಹೆಸರಿರಲಿಲ್ಲ. ನಾನು ಇದನ್ನು ಬೇಕೆಂದೇ ಎತ್ತಿ ಹೇಳಿದೆ. ಧಣಿ ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದರು.

ಅವರೂ ನನ್ನನ್ನು ನಂಬಿರಲಿಲ್ಲ. ಎರಡನೆಯ ಭಾನುವಾರ ಹೋದ ವಾರದ ಒಂದು ಪುಟವನ್ನು ತೆಗೆದು, ಇದನ್ನು ಇನ್ನೊಮ್ಮೆ ಹೇಳ್ರಿ, ಸರಿಯಾಗಿ ಕೇಳಿಸಿರಲಿಲ್ಲ ಎಂದರು. ನಾನು ಮತ್ತೆ ಹೇಳಿದೆ. ಮೂರನೆಯ ವಾರವೂ ಹಾಗೇ ಮಾಡಿದಾಗ ತಿಳಿಯಿತು: ಎರಡು ಸಲವೂ ಒಂದೇ ಮಾತು ಬರುತ್ತದೆಯೋ ಇಲ್ಲವೋ ಎಂದು ತಾಳೆ ನೋಡುತ್ತಿದ್ದಾರೆ. ನಾನು ಹುಡುಗರಿಗೆ ಮಾಡುವುದನ್ನೇ ಅವರು ನನಗೆ ಮಾಡುತ್ತಿದ್ದರು. ಸಿಟ್ಟು ಬರಬೇಕಿತ್ತು, ನಗು ಬಂತು. ಚಹಾ ತಂದಿಟ್ಟರೆ ನಾನು ಅವರು ಕುಡಿಯುವ ತನಕ ಕಾಯುತ್ತಿದ್ದೆ, ಅವರು ನಾನು ಪುಟ ತಿರುಗಿಸುವುದನ್ನು ನೆಟ್ಟಗಿದ್ದ ಒಂದು ಕಣ್ಣಿನಿಂದ ಕಾಯುತ್ತಿದ್ದರು.

ಇಂಗ್ಲಿಷಿನವನ ರಾಜಕೀಯ ಶುರುವಾದ ಮೇಲೆ ಅವರ ಅಡಕತ್ತರಿ ನಿಂತಿತು. ಊರವರೆಲ್ಲ ದನ ಮೇಯಿಸುತ್ತಿದ್ದ ಗಾಯರಾಣವನ್ನು ಅವನು ಬೇಲಿ ಹಾಕಿ ತನ್ನದು ಮಾಡಿಕೊಂಡಿದ್ದ. ಕದ್ದು ಮುಚ್ಚಿ ಅಲ್ಲ, ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿ, ಅದಕ್ಕೆ ತಾನೇ ಕೈ ಎತ್ತಿ. "ಶಾಣ್ಯಾ ಇದ್ದ ನೋಡ್ರಿ," ಎಂದರು ಧಣಿ. "ನಮ್ಮದು ಕಾಯ್ದೆ ಕಸಗೊಂತು. ಅವರಿಗೆ ಕಾಯ್ದೆ ಕೊಡತು." ಅದರ ನಂತರದ ಪುಟದಲ್ಲಿ ಒಕ್ಕಲಿನವರೆಲ್ಲ ಸೇರಿ ಅವನಿಗೆ ಬೆಳ್ಳಿ ತಟ್ಟೆ ಕೊಟ್ಟು ಕೃತಜ್ಞತಾ ಪತ್ರ ಓದಿದ್ದರು. ಆ ಪತ್ರದ ಭಾಷೆ ಬಲು ಚೆನ್ನಾಗಿತ್ತು. ಸಹಿಯ ಜಾಗದಲ್ಲಿ ಮಾತ್ರ ಸಾಲಾಗಿ ಗೀಟುಗಳಿದ್ದವು. ಓದು ಬರಹ ಬಾರದವರು ಅಷ್ಟು ಚೆಂದದ ಪತ್ರ ಹೇಗೆ ಬರೆದರು ಎಂದು ನಾನು ಕೇಳಿದೆ. ಅವನ ಕಾರಕೂನ ಬರೆದಿರುತ್ತಾನೆ, ಅದರಲ್ಲೇನು ಎಂದರು ಧಣಿ, ನಮ್ಮಲ್ಲಿ ನಡೆಯುವುದನ್ನು ಹೇಳುವ ಹಾಗೆ.

ಹತ್ತನೆಯ ಭಾನುವಾರವೋ ಹನ್ನೊಂದನೆಯದೋ, ಚುನಾವಣೆಯ ಅಧ್ಯಾಯ ಬಂತು. ಆ ಕಾಲದ ಇಂಗ್ಲೆಂಡಿನಲ್ಲಿ ಚೀಟಿಯೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಬಯಲಿನಲ್ಲಿ ಹಲಗೆಯ ಕಟ್ಟೆ ಕಟ್ಟುತ್ತಿದ್ದರು. ವೋಟಿನ ಹಕ್ಕಿದ್ದ ಒಕ್ಕಲಿಗ ಅದನ್ನು ಏರಿ, ಎಲ್ಲರಿಗೂ ಕೇಳುವಂತೆ, ನನ್ನ ವೋಟು ಇಂಥವರಿಗೆ ಎಂದು ಗಟ್ಟಿಯಾಗಿ ಹೇಳಬೇಕು. ಜಮೀನುದಾರ ಏನೂ ಮಾಡುತ್ತಿರಲಿಲ್ಲ, ಬೆದರಿಕೆ ಹಾಕುತ್ತಿರಲಿಲ್ಲ, ಹತ್ತಿರ ಒಂದು ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದ ಎಂದು ಪುಸ್ತಕದಲ್ಲಿತ್ತು. ಅವನ ಸೌಜನ್ಯಕ್ಕೆ ಸಾಕ್ಷಿ ಎಂಬಂತೆ ಬರೆದಿದ್ದರು.

ಧಣಿ ಪೂರ್ತಿ ಎದ್ದು ಕೂತರು. ಅವರ ಮುಖ ನೋಡಿ ನನ್ನ ತಲೆಯಲ್ಲಿ ಏನೋ ಬಂತು, ತಡೆಯಲು ಆಗಲಿಲ್ಲ. ಕಣ್ಣನ್ನು ಪುಸ್ತಕದ ಮೇಲೆಯೇ ಇಟ್ಟು, ಅದೇ ಓದುವ ದನಿಯಲ್ಲಿ, ಇಲ್ಲದ್ದನ್ನು ಹೇಳತೊಡಗಿದೆ. ಆ ದಿನ ಒಬ್ಬ ಮುದುಕ ಕಟ್ಟೆ ಏರಿದ. ಇವನಿಗೆ ವೋಟಿನ ಹಕ್ಕು ಇದೆಯೋ ಇಲ್ಲವೋ ಎಂದು ತಿಳಿಯಲು ಗುಮಾಸ್ತ ಕೇಳಿದ: ಆ ಹೊಲ ಯಾರು ಮಾಡುತ್ತಾರೆ? ಮುದುಕ ಕೆಳಗೆ ಕೂತ ಜಮೀನುದಾರನನ್ನು ನೋಡಿ ಹೇಳಿದ: ಒಡೆಯರು ಮಾಡಿಸುತ್ತಾರೆ, ನಾವು ಅವರ ಮನೆಯ ಜನ.

ಧಣಿ ಅಡಕತ್ತರಿಯನ್ನು ಕೆಳಗಿಟ್ಟರು.

"ಇದು ಪುಸ್ತಕದಾಗ ಇಲ್ಲಲೇ," ಎಂದರು ಧಣಿ.

ಎಷ್ಟೋ ವರ್ಷಗಳ ಮೇಲೆ ಆ 'ಲೇ' ಕೇಳಿದ್ದೆ. ಇದೆ ಎಂದು ಸುಳ್ಳು ಹೇಳುವ ಧೈರ್ಯ ನನಗಾಗಲಿಲ್ಲ. ಇಂಥದ್ದನ್ನು ಯಾರೂ ತಮ್ಮ ಚರಿತ್ರೆಯೊಳಗೆ ಬರೆಸುವುದಿಲ್ಲ, ಇದು ನಿಮ್ಮ ಅಪ್ಪನ ಮಾತು ಎಂದರು ಅವರು. ನಾನು ಪುಸ್ತಕ ಮುಚ್ಚಿದೆ. ನನ್ನ ಹಾಸ್ಟೆಲಿನ ಪತ್ರಕ್ಕಾಗಿ ಅಪ್ಪ ಆ ಮಾತು ಹೇಳಿದನೇ, ಇಷ್ಟು ಹೇಳಿಬಿಡಿ ಎಂದು ಕೇಳಿದೆ.

"ನಿಮ್ಮಪ್ಪ ಮಾರಾಟದ ಮನಶ್ಯಾ ಆಗಿದ್ರ ನಾ ಶಿರಹಟ್ಟಿಗೆ ಹೋಗೂ ಜರೂರನ ಇರಲಿಲ್ಲ," ಎಂದರು ಧಣಿ. "ಉಳಿದ ಎಲ್ಲಾ ಕೇಸಿಗೂ ಕಾರಕೂನನ್ನ ಕಳಸಿದ್ದೆ. ಅವತ್ತೊಂದು ದಿನ ನಾನ ಹೋದೆ. ಮಾತಾಡಾಕ ಅಲ್ಲ, ಸುಮ್ಮನ ಕುಂಡ್ರಾಕ. ನನ್ನ ಮುಂದ ಅಂವ 'ನನ್ನ ಹೊಲ' ಅನ್ನೂದಿಲ್ಲ ಅಂತ ನನಗ ಗೊತ್ತಿತ್ತು. ಸಾಹೇಬರು ಮೂರು ಸಲ ಕೇಳಿದ್ರು. ಮೂರೂ ಸಲ ಅದನ್ನ ಅಂದ. ನಾ ಎದ್ದು ಹೊರಗ ಹೋಗಿದ್ರ ಸಾಕಿತ್ತು. ಹೋಗಲಿಲ್ಲ."

ಅಪ್ಪನನ್ನು ನೆನೆದು ನನಗೆ ಅಳು ಬಂತು. ಸಂತೆಯಲ್ಲಿ ಒಂದು ಕೊಡಲಿಯ ಕಾವು ಕೊಳ್ಳಲು ಹತ್ತು ಸಲ ಚೌಕಾಶಿ ಮಾಡುವವನು, ತನ್ನ ಜೀವನದ ಎಲ್ಲಕ್ಕಿಂತ ದೊಡ್ಡ ಮಾತಿನ ಹೊತ್ತಿಗೆ ಮರ್ಯಾದೆ ಬಿಡಲಾರದೆ ನಿಂತಿದ್ದ. ಅವನನ್ನು ಇಪ್ಪತ್ತು ವರ್ಷ ಮಾತು ಮಾರಿಕೊಂಡವನು ಎಂದುಕೊಂಡಿದ್ದೆ, ನಾನು, ಅವನ ಓದಿದ ಮಗ. ಇನ್ನೊಂದು ಕಡೆ ನನ್ನ ಸಂಶಯವೂ ಸುಮ್ಮನಿರಲಿಲ್ಲ. ಇಂಗ್ಲಿಷಿನವನು ಕೊನೆಯ ಅಧ್ಯಾಯದಲ್ಲಿ ಪಶ್ಚಾತ್ತಾಪಪಟ್ಟು ಒಕ್ಕಲು ಮಕ್ಕಳಿಗೆ ಶಾಲೆ ಕಟ್ಟಿಸುತ್ತಾನೆ ಎಂದು ನಾನು ಮುಂದಿನ ಪುಟಗಳನ್ನು ತಿರುವಿ ಮೊದಲೇ ನೋಡಿಕೊಂಡಿದ್ದೆ. ಇವರೂ ತಮ್ಮ ಪುಸ್ತಕಕ್ಕೆ ಅಂಥದೊಂದು ಕೊನೆ ತಯಾರು ಮಾಡಿಕೊಳ್ಳುತ್ತಿದ್ದಾರೋ ಹೇಗೆ? ಇದನ್ನೂ ಬರೆಯಲೇ ಎಂದು ಕೇಳಿದೆ.

ಧಣಿ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. "ಬರೀರಿ," ಎಂದರು. "ಆದರ ಮಗನ ಇಲೆಕ್ಷನ್ ಮುಗೀಲಿ."

ಈ ಮಾತು ಕೇಳಿದ ಮೇಲೆ ಅವರು ಹೇಳಿದ್ದೆಲ್ಲ ಖರೆ ಎಂದು ನನಗೆ ನಂಬಿಕೆ ಬಂತು; ತೋರಿಕೆಯ ಪಶ್ಚಾತ್ತಾಪವಾಗಿದ್ದರೆ ಇಲೆಕ್ಷನ್ನಿನ ಮೊದಲೇ ಬರೆಸುತ್ತಿದ್ದರು. ಪುಸ್ತಕ ಕೊನೆಗೂ ಆಗಲಿಲ್ಲ, ಅದು ಬೇರೆ ಮಾತು. ಮುಂದಿನ ಭಾನುವಾರ ಜೀಪು ಬಂದಾಗ ನಾನು ಮನೆಯಲ್ಲಿರಲಿಲ್ಲ, ಗದಗಿನ ಬಸ್ಸು ಹತ್ತಿದ್ದೆ.

ಬೆಟಗೇರಿಯ ಆ ಅಂಗಡಿಯಲ್ಲಿ ಅಣ್ಣ ಹತ್ತಿ ಹಿಂಜುವ ಮಷಿನ್ನಿನ ಮುಂದೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಹುಬ್ಬಿನ ಮೇಲೆ, ಕಿವಿಯ ಮೇಲೆ ಹತ್ತಿಯ ಎಳೆಗಳು ಕೂತಿದ್ದವು. ನನ್ನನ್ನು ನೋಡಿ, ಯಾರಾದರೂ ತೀರಿಕೊಂಡರೇನು ಎಂದು ಕೇಳಿದ. ನಾವು ಭೇಟಿಯಾಗುತ್ತಿದ್ದದ್ದು ಅಂಥ ಹೊತ್ತಿನಲ್ಲಿ ಮಾತ್ರ. ಇಲ್ಲ ಎಂದೆ. ಮಷಿನ್ ಬಂದ್ ಮಾಡಿದ. ಅರ್ಧ ಹೊಲಿದ ಗಾದಿಯ ಮೇಲೆಯೇ ಇಬ್ಬರೂ ಕೂತೆವು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಧಣಿ ಕರೆಸಿದ್ದು, ಪುಸ್ತಕ, ಅವರು ಬೇಕೆಂದೇ ಶಿರಹಟ್ಟಿಗೆ ಹೋಗಿ ಕೂತದ್ದು, ಸಾಹೇಬರು ಮೂರು ಸಲ ಕೇಳಿದ್ದು, ಕೊನೆಗೆ ಇದನ್ನೂ ಬರೆಯಲು ಧಣಿ ಒಪ್ಪಿದ್ದು. ಅಪ್ಪ ನಿನ್ನ ಹೊಲ ಮಾರಲಿಲ್ಲ ಅಣ್ಣ, ನನ್ನ ಓದಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಹೇಳಿ ಮುಗಿಸಿದಾಗ ಮೈ ಹಗುರಾಗಿತ್ತು. ಅಣ್ಣ ಎದ್ದು ತಬ್ಬಿಕೊಳ್ಳುತ್ತಾನೆ ಎಂದೇನೂ ನಾನು ತಿಳಿದಿರಲಿಲ್ಲ, ಆದರೆ ಮುಖವಾದರೂ ಸಡಿಲಾಗುತ್ತದೆ ಎಂದುಕೊಂಡಿದ್ದೆ.

ಅವನು ಮೂಗಿನ ಬಟ್ಟೆ ಬಿಚ್ಚಿ ಮಡಚಿದ. ಅದೆಲ್ಲ ತನಗೆ ಅವತ್ತೇ ಗೊತ್ತಿತ್ತು ಎಂದ. ನನಗೆ ಅರ್ಥವಾಗಲಿಲ್ಲ. ಗೊತ್ತಿದ್ದೂ ನನ್ನ ಮೇಲೆ ಇಷ್ಟು ವರ್ಷ ಯಾಕೆ ಸಂಶಯಪಟ್ಟೆ ಎಂದು ಕೇಳಿದೆ.

"ನಿನ್ನ ಮ್ಯಾಲೆ ಯಾವಾಗ ಸಂಶೆ ಪಟ್ಟೆ?" ಎಂದ ಅಣ್ಣ. "ನಿನ್ನ ಮುಖಾ ನೋಡಾಕ ನನಗ ನಾಚಿಕಿ ಆಗ್ತಿತ್ತು. ಮೊದಲ ಎರಡು ಸಲ ಅಪ್ಪ ಧಣ್ಯಾರನ್ನ ನೋಡಿ ಹೇಳಿದ. ಮೂರನೇ ಸಲ ಕೇಳಿದಾಗ ಹೊಳ್ಳಿ ಬಾಗಲ ಕಡೆ ನೋಡಿದ. ಬಾಗಲದಾಗ ನಾ ನಿಂತಿದ್ದೆ. ತನ್ನ ಬಾಯಿಲೆ ಬರವಲ್ದು, ನೀನರ ಹೇಳು ಅಂದಂಗ ಇತ್ತು ಅವನ ಮಾರಿ. ಅರ್ಜಿ ಬರಸಿದಾಂವ ನಾನ. ಅಷ್ಟರಾಗ ಧಣ್ಯಾರೂ ನನ್ನ ಕಡೆ ನೋಡಿದ್ರು. ನಾ ಅವರಿಗೆ ಕೈ ಮುಗದೆ."

ಜೀವನವಿಡೀ ಎಲ್ಲರನ್ನೂ ಸಂಶಯಪಟ್ಟವನು ನಾನು. ಅಪ್ಪನನ್ನು ಪಟ್ಟೆ, ಧಣಿಯನ್ನು ಪಟ್ಟೆ, ಧಣಿಯ ಚಹಾವನ್ನೂ ಬಿಡಲಿಲ್ಲ. ಇವನೊಬ್ಬನ ಮೇಲೆ ಒಂದು ದಿನವೂ ಸಂಶಯ ಬಂದಿರಲಿಲ್ಲ. ನನಗೆ ಸಿಟ್ಟು ಬಂತು, ಜೋರಾಗಿಯೇ ಬಂತು. ಅಪ್ಪ ಮಗನ ಓದಿಗೆ ಹೊಲ ಮಾರಿದ ಎಂದು ಊರೆಲ್ಲ ಆಡುವಾಗ ಒಂದು ಸಲವಾದರೂ ಅದು ಸುಳ್ಳು ಎನ್ನಲಿಲ್ಲವಲ್ಲ, ಆ ಮಾತು ಕೇಳುತ್ತಲೇ ಅವನು ಸತ್ತನಲ್ಲ ಎಂದೆ. ಸುಳ್ಳು ಎಂದಿದ್ದರೆ ಖರೆ ಏನು ಎಂದು ಕೇಳುತ್ತಿದ್ದರು, ಅದಕ್ಕೇ ಸುಮ್ಮನಿದ್ದೆ ಎಂದ ಅಣ್ಣ. ಅಪ್ಪನೂ ಯಾರಿಗೂ ಹೇಳಲಿಲ್ಲ, ನನ್ನ ಮುಂದೆ ಕೂಡ ಆ ದಿನದ ಮಾತು ತೆಗೆಯಲಿಲ್ಲ ಎಂದ.

ಗಿರಾಕಿ ಒಬ್ಬ ಬಂದು ದಿಂಬಿನ ರೇಟು ಕೇಳಿದ. ಅಣ್ಣ ಹೇಳಿದ. ಆಮೇಲೆ ಬರುತ್ತೇನೆ ಎಂದು ಅವನು ಹೋದ. ಅವನು ಹೋಗುವಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಕೂತು, ನಾನು ಅಲ್ಲಿದ್ದರೆ ಎದೆ ಸೆಟೆಸಿ ಹೇಳುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಹತ್ತು ಹನ್ನೊಂದು ಭಾನುವಾರ ಅದೇ ಧಣಿಯ ಮುಂದೆ ಕೂತು, ಕೇಳಬೇಕಾದ್ದನ್ನು ನೇರವಾಗಿ ಕೇಳಲಾರದೆ ಪುಸ್ತಕದ ಮರೆಯಲ್ಲಿ ಕೇಳಿದ್ದೆ. ಅಣ್ಣನಿಗೆ ಬುದ್ಧಿ ಹೇಳುವ ಮುಖ ನನಗಿರಲಿಲ್ಲ.

ಮಷಿನ್ನಿನ ಹತ್ತಿರ ಹೋಗಿ ನಿಂತ ಅಣ್ಣ ತಿರುಗಿ, ನಾನು ಇದನ್ನು ಬರೆಯಲು ಧಣಿ ಒಪ್ಪಿದ್ದು ಹೌದೋ ಎಂದು ಕೇಳಿದ. ಹೌದು ಎಂದೆ.

"ಹಂಗಾರ ಬರಿ," ಎಂದ. "ಧಣ್ಯಾರ ಒಬ್ಬರದ ಬರೀಬ್ಯಾಡ. ಅಪ್ಪ ನನ್ನ ಕಡೆ ನೋಡಿದ್ದು ಬರಿ. ಬಾಗಲದಾಗ ನಾ ಕೈ ಮುಗದು ನಿಂತಿದ್ದನ್ನೂ ಬರಿ."